ರಜೆ ಕೇಳಲು ಬಾರದ ನೌಕರ

"ಆರಾಮ ಐತ್ರಿ ಸಾಹೇಬ್ರ. ಕುಂಟೂದು ಬಿಟ್ಟೈತಿ. ನಮ್ಮಾಕಿ ಕೇಳವಲ್ಲಳು, ಒಮ್ಮೆ ದವಾಖಾನಿಗೆ ತೋರಿಸ್ಕೊಂಡು ಬಾ ಅಂತ ಗಂಟ ಬಿದ್ದಾಳ."

ಘಟಪ್ರಭೆ ದಂಡೆಯ ಊರಿನ ಕುರಿಗಾಹಿ ಹಿರಿಯರು ಹೀಗೆನ್ನುತ್ತ ಕಂಬಳಿ ಮಡಚಿ ದವಾಖಾನೆಯ ಕಟ್ಟೆಯ ಮೇಲೆ ಕುಳಿತರು. ಪಕ್ಕದಲ್ಲಿ ಕಂದು ಬಣ್ಣದ ಮುಧೋಳ ಹೆಣ್ಣುನಾಯಿ. ಮೂರು ದಿನದ ಹಿಂದೆ, ನಸುಕಿನಲ್ಲಿ, ಹಟ್ಟಿಯ ಹತ್ತಿರ ತೋಳ ಸುಳಿದಿತ್ತಂತೆ. ಚಳಿಗೆ ಮುದುಡಿ ಮಲಗಿದ್ದ ನಾಯಿ ಎದ್ದದ್ದೇ ತಡ, ಬಾಣದಂತೆ ಹೋಯಿತು. ಹೊಲದ ಬದುವಿನ ಹತ್ತಿರ ತೋಳ ಗಕ್ಕನೆ ದಿಕ್ಕು ಬದಲಿಸಿತು, ಇದೂ ಹೊರಳಿತು. ಆಗ ಒಂದೇ ಒಂದು ಸಲ ಕೂಗಿತಂತೆ. ಮೂರು ಕಾಲಲ್ಲಿ ವಾಪಸು ಬಂತು. ಎರಡು ದಿನ ಕುಂಟಿತು. ಮೂರನೆಯ ದಿನ ಬೆಳಿಗ್ಗೆ ಎದ್ದು, ಏನೂ ಆಗಿಯೇ ಇಲ್ಲವೆಂಬಂತೆ ಕುರಿಯ ಹಿಂದೆ ಹೊರಟಿತು.

ಅಂಗಳದಲ್ಲಿ ನಡೆಸಿ ನೋಡಿದೆ. ನಡಿಗೆ ಸರಿಯೇ ಇತ್ತು. ಸ್ವಲ್ಪ ಓಡಿಸಿ ಎಂದೆ. ಆಗ ಎಡ ಹಿಂಗಾಲಿನ ಹೆಜ್ಜೆ ಬಲಗಾಲಿನಷ್ಟು ಮುಂದಕ್ಕೆ ಬೀಳುತ್ತಿರಲಿಲ್ಲ. ನಾಲ್ಕು ಬೆರಳಿನಷ್ಟು ವ್ಯತ್ಯಾಸ. ಮಲಗಿಸಿ ಒಳತೊಡೆ ಮುಟ್ಟಿದೆ. ಬಲತೊಡೆಯಲ್ಲಿ ಹುರಿಗೊಂಡ ಹಗ್ಗದಂತೆ ಕೈಗೆ ಸಿಕ್ಕ ಸ್ನಾಯು ಎಡತೊಡೆಯಲ್ಲಿ ಅರ್ಧಕ್ಕೇ ನಿಂತಿತ್ತು. ಬೆರಳು ತಗ್ಗಿಗೆ ಇಳಿಯಿತು. ಅದರ ಕೆಳಗೆ ನಿಂಬೆಹಣ್ಣಿನಷ್ಟು ಗಂಟು. ಮುಧೋಳ ನಾಯಿಯ ಚರ್ಮ ತೆಳು, ಕೂದಲು ಮೋಟು. ಒಳತೊಡೆಯಿಂದ ಹಿಮ್ಮಡಿಯ ಕೀಲಿನವರೆಗೆ ನೇರಳೆಹಣ್ಣು ಹಿಂಡಿದಂತೆ ನೀಲಿ ಇಳಿದಿದ್ದು ಬರಿಗಣ್ಣಿಗೇ ಕಾಣುತ್ತಿತ್ತು.

"ಸ್ನಾಯು ಹರಿದೈತಿ, ಕಾಕಾ."

"ಹರದಿದ್ರ ನಡೀತೈತಿ ಹೆಂಗ್ರಿ ಮತ್ತ?"

ಅವರ ಪ್ರಶ್ನೆಯೇ ಈ ವಾರದ ಅಂಕಣ. ಕೆಲಸದ ನಾಯಿ ಸಾಕಿದವರೆಲ್ಲ, ಪೊಲೀಸ್ ಶ್ವಾನದಳದವರಿಂದ ಕುರಿಗಾಹಿಗಳವರೆಗೆ, ಎಡವುವುದು ಇಲ್ಲಿಯೇ. ಕುಂಟು ನಿಂತಿತೆಂದರೆ ಗಾಯ ಮಾಯಿತು ಎಂದುಕೊಳ್ಳುತ್ತೇವೆ. ನಾಲ್ವರು ಹೊತ್ತ ಪಲ್ಲಕ್ಕಿಯಲ್ಲಿ ಒಬ್ಬ ಹೆಗಲು ಕೊಡದಿದ್ದರೂ ಪಲ್ಲಕ್ಕಿ ಮುಂದೆ ಸಾಗುತ್ತದೆ. ಭಾರ ಎಷ್ಟೆಂದು ಉಳಿದ ಮೂವರಿಗಷ್ಟೇ ಗೊತ್ತು. ತೊಡೆಯ ಒಳಬದಿಯ ಗ್ರಾಸಿಲಿಸ್ ಎಂಬ ಈ ಸ್ನಾಯು ಹರಿದರೆ ಅಕ್ಕಪಕ್ಕದವು ಅದರ ಪಾಲನ್ನೂ ಹೊರುತ್ತವೆ. ನೋವು ತುಸು ಇಳಿದದ್ದೇ ನಾಯಿ ನಡೆಯುತ್ತದೆ. ಅದಕ್ಕೆ ಕೆಲಸದ ಹುಚ್ಚು. ರಜೆ ಚೀಟಿ ಬರೆಯಲು ಬಾರದ ನೌಕರ ಅದು. ಬರೆಯಬೇಕಾದವರು ನಾವು.

ನಾಯಿಯ ಮೈಕಟ್ಟನ್ನು ಸ್ವಲ್ಪ ಗಮನಿಸಿದರೆ ಇದೆಲ್ಲ ಏಕೆ ಆಗುತ್ತದೆಂದು ತಿಳಿಯುತ್ತದೆ. ನಮ್ಮ ತೋಳು ಕೊರಳೆಲುಬಿನ ಮೂಲಕ ಎದೆಗೂಡಿಗೆ ಜೋಡಿಸಿಕೊಂಡಿದೆ. ನಾಯಿಯಲ್ಲಿ ಆ ಎಲುಬು ಹೆಸರಿಗಷ್ಟೇ ಉಳಿದಿದೆ. ಮುಂಗಾಲನ್ನು ಮುಂಡಕ್ಕೆ ಹಿಡಿದಿಟ್ಟಿರುವುದು ಮೂಳೆಯಲ್ಲ, ಬರೀ ಸ್ನಾಯು. ನಿಂತಾಗ ಮೈಭಾರದ ನೂರಕ್ಕೆ 60ರಷ್ಟು ಬೀಳುವುದು ಈ ಮುಂಗಾಲುಗಳ ಮೇಲೆ. ಹಿಂಗಾಲುಗಳ ಪಾಲು 40, ಆದರೆ ಮೈಯನ್ನು ಮುಂದಕ್ಕೆ ಚಿಮ್ಮಿಸುವ ಕೆಲಸ ಅವುಗಳದು. ಮುಧೋಳ, ಗ್ರೇಹೌಂಡ್‌ನಂಥ ತಳಿಗಳು ನಾಗಾಲೋಟದ ಒಂದೇ ಸುತ್ತಿನಲ್ಲಿ ಎರಡು ಸಲ ಪೂರ್ತಿ ನೆಲ ಬಿಡುತ್ತವೆ. ನಾಲ್ಕೂ ಕಾಲು ಹೊಟ್ಟೆಯಡಿ ಕೂಡಿದಾಗ ಒಮ್ಮೆ, ಹಿಂದಕ್ಕೂ ಮುಂದಕ್ಕೂ ಚಾಚಿದಾಗ ಇನ್ನೊಮ್ಮೆ. ಕುದುರೆ ನೆಲ ಬಿಡುವುದು ಒಮ್ಮೆ ಮಾತ್ರ. ಗ್ರೇಹೌಂಡ್ ಗಂಟೆಗೆ 60 ಕಿ.ಮೀ. ದಾಟುವುದು ಈ ವಿದ್ಯೆಯಿಂದ. ಹಾಗೆ ಹಾರಿದ ಮೈಯನ್ನು ಪ್ರತಿ ಸಲವೂ ಒಂದೊಂದೇ ಕಾಲು ಇಳಿಸಿಕೊಳ್ಳಬೇಕು.

ಇಳಿಸಿಕೊಳ್ಳುವಾಗಲೇ ಅಪಾಯ. ಬಾವಿಯಿಂದ ಕೊಡ ಸೇದುವಾಗ ಹಗ್ಗ ಹರಿಯುವುದು ಕಡಿಮೆ. ಕೈಜಾರಿ ಇಳಿಯುತ್ತಿರುವ ಕೊಡವನ್ನು ಗಪ್ಪನೆ ಹಿಡಿದರೆ ಹರಿಯುತ್ತದೆ. ಸ್ನಾಯುವೂ ಹಾಗೆಯೇ. ಬಿಗಿಯುತ್ತಿರುವಾಗಲೇ ಬಲವಂತವಾಗಿ ಹಿಗ್ಗಿದರೆ ಎಳೆಗಳು ಬಿಟ್ಟುಕೊಳ್ಳುತ್ತವೆ. ಓಟದಲ್ಲಿ ಹೊರಳುವಾಗ, ಎತ್ತರದಿಂದ ಧುಮುಕುವಾಗ, ಹುಲ್ಲಿನ ಮೇಲೆ ಕಾಲು ಜಾರಿದಾಗ ಆಗುವುದು ಇದೇ. ಎರಡೆರಡು ಕೀಲುಗಳನ್ನು ದಾಟಿ ಹೋಗುವ ಉದ್ದ ಸ್ನಾಯುಗಳಿಗೆ ಈ ಪೆಟ್ಟು ಹೆಚ್ಚು. ಮೈ ಕಾಯದಿದ್ದರೆ ಇನ್ನೂ ಸುಲಭ, ದಣಿದಿದ್ದರೆ ಕೇಳುವುದೇ ಬೇಡ. ನಮ್ಮ ಕಡೆಯ ನೆಲವೂ ತನ್ನ ಪಾಲು ಸೇರಿಸುತ್ತದೆ. ಬೇಸಿಗೆಯ ಎರೆಹೊಲದ ಬಿರುಕಿನಲ್ಲಿ ಪಂಜ ಸಿಕ್ಕಿಕೊಂಡರೆ ಕಾಲು ನಿಲ್ಲುತ್ತದೆ, ಮೈ ನಿಲ್ಲುವುದಿಲ್ಲ. ಕಬ್ಬು ಕಡಿದ ಹೊಲದ ಕೂಳೆ ಈಟಿಯಂತೆ ಚುಚ್ಚುತ್ತದೆ.

ಗ್ರೇಹೌಂಡ್ ಪಂದ್ಯ ನಡೆಯುವ ದೇಶಗಳ ಪಶುವೈದ್ಯರಿಗೆ ಇದೆಲ್ಲ ಹಳೆಯ ಕಥೆ. ಒಳತೊಡೆಯ ಈ ಗಾಯಕ್ಕೆ ಅಲ್ಲಿನ ಓಟದ ಅಂಗಳದಲ್ಲಿ ಬಳಕೆಯ ಹೆಸರೇ ಇದೆ, 'ಸ್ನಾಯು ಬಿತ್ತು' ಎನ್ನುತ್ತಾರೆ. ಅವರ ಅನುಭವದ ಇನ್ನೊಂದು ಸಂಗತಿ ಸ್ವಾರಸ್ಯವಾಗಿದೆ. ಪಂದ್ಯದ ಗ್ರೇಹೌಂಡ್‌ಗಳು ಓಡುವುದು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ, ಸದಾ ಎಡಕ್ಕೇ ತಿರುಗುತ್ತ. ಹಿಮ್ಮಡಿ ಕೀಲಿನ ಮೂಳೆ ಮುರಿತ ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಬಲಗಾಲಿನಲ್ಲಿ. ತಿರುವಿನ ಹೊರಬದಿಯ ಹಿಂಗಾಲು ಅದು. ಸುತ್ತು ಸುತ್ತಿಗೂ ಒಂದೇ ಕಡೆಯಿಂದ ಒತ್ತಡ ಬಿದ್ದು ಮೂಳೆ ಒಳಗೊಳಗೇ ಸೋಲುತ್ತ ಬಂದು, ಒಂದು ದಿನ 'ಹಠಾತ್' ಮುರಿಯುತ್ತದೆ. ಹಠಾತ್ ಎಂದು ನಾವು ಕರೆಯುವ ಎಷ್ಟೋ ಗಾಯಗಳಿಗೆ ಹೀಗೆ ತಿಂಗಳುಗಳ ಪೂರ್ವಕಥೆ ಇರುತ್ತದೆ. ಮೊಣಕಾಲಿನ ಒಳಗಿನ ಕ್ರೂಸಿಯೇಟ್ ಎಂಬ ಅಸ್ಥಿರಜ್ಜು ಹರಿಯುವುದೂ ಬಹುಪಾಲು ಹಾಗೆಯೇ. ಮನುಷ್ಯರಲ್ಲಿ ಫುಟ್ಬಾಲ್ ಆಡುವಾಗ ಒಂದೇ ಏಟಿಗೆ ಹರಿದರೆ, ನಾಯಿಯಲ್ಲಿ ಅದು ಸವೆಯುತ್ತ ಸವೆಯುತ್ತ ಹೋಗಿ ಯಾವುದೋ ಸಣ್ಣ ನೆಗೆತಕ್ಕೆ ಕೈಕೊಡುತ್ತದೆ.

ಕುಂಟುವ ಕಾಲು ಯಾವುದೆಂದು ಹಿಡಿಯುವುದೇ ಮೊದಲ ಪಾಠ. ಮುಂಗಾಲು ನೋಯುತ್ತಿದ್ದರೆ ತಲೆಯನ್ನು ನೋಡಿ. ನೋವಿನ ಕಾಲು ನೆಲಕ್ಕೆ ಬಿದ್ದಾಗ ನಾಯಿ ತಲೆ ಮೇಲೆತ್ತುತ್ತದೆ, ಒಳ್ಳೆಯ ಕಾಲು ಬಿದ್ದಾಗ ತಗ್ಗಿಸುತ್ತದೆ. ತಲೆ ತಗ್ಗಿದ ಕಡೆಯ ಕಾಲೇ ನೋಯುತ್ತಿದೆ ಎಂದು ಹೆಚ್ಚಿನವರು ತಪ್ಪು ಎಣಿಸುತ್ತಾರೆ. ಹಿಂಗಾಲಾದರೆ ಹಿಂದಿನಿಂದ ನಿಂತು ಸೊಂಟ ಏರಿಳಿಯುವುದನ್ನು ನೋಡಬೇಕು. ಆಮೇಲೆ ಪಂಜ. ಬೆರಳುಗಳ ಸಂದು ಬಿಡಿಸಿ ಜಾಲಿಮುಳ್ಳು, ಗಾಜು, ಕಿತ್ತ ಉಗುರು ಇದೆಯೇ ಎಂದು ನೋಡಿ. ತೊಡೆಸಂದಿನವರೆಗೆ ಎಕ್ಸ್‌ರೇ ತೆಗೆಸಿ, ಕಡೆಗೆ ಅಂಗಾಲಿನ ಮುಳ್ಳು ಸಿಕ್ಕ ಪ್ರಸಂಗಗಳು ನಮ್ಮ ವೃತ್ತಿಯಲ್ಲಿ ಕಡಿಮೆಯೇನಲ್ಲ.

ಕೈಗೆ ಸಿಗುವ ಗಾಯ ಒಂದು ಬಗೆ. ಕೈಗೆ ಸಿಗದ್ದು ಇನ್ನೊಂದು. ಬೆನ್ನೆಲುಬಿನ ಕೆಳಭಾಗದಿಂದ ಹೊರಟು ಹೊಟ್ಟೆಯ ಒಳಗಿನಿಂದ ತೊಡೆಮೂಳೆಗೆ ಅಂಟುವ ಇಲಿಯೊಸೋಯಸ್ ಎಂಬ ಸ್ನಾಯುವಿದೆ. ಗೋಡೆ ಹಾರುವ, ಕಳ್ಳನ ವೇಷದವನ ತೋಳಿಗೆ ಎಗರುವ ತಾಲೀಮಿನ ನಾಯಿಗಳಿಗೆ ಇದು ಉಳುಕುವುದು ಹೆಚ್ಚು. ಬೆಂಗಳೂರಿನ ಹೊರವಲಯದ ತರಳುವಿನಲ್ಲಿರುವ ಸಿಆರ್‌ಪಿಎಫ್ ಶ್ವಾನ ತರಬೇತಿ ಶಾಲೆಯಿಂದಾಗಿ ನಮಗೆ ಪರಿಚಿತವಾಗಿರುವ ಬೆಲ್ಜಿಯನ್ ಮ್ಯಾಲಿನ್ವಾ ಮಾಡುವ ಕೆಲಸ ಇಂಥದ್ದೇ. ಇಲ್ಲಿ ಊತ ಕಾಣದು, ನೀಲಿ ಕಾಣದು. ಜೀಪು ಹತ್ತಲು ನಾಯಿ ಎರಡನೆಯ ಸಲ ಯೋಚಿಸುತ್ತದೆ, ಅಷ್ಟೇ. ಹಿಂಗಾಲನ್ನು ಹಿಂದಕ್ಕೆಳೆದು ಒಳಕ್ಕೆ ತುಸು ತಿರುಗಿಸಿದರೆ ಮಾತ್ರ ಕುಂಯ್ ಎನ್ನುತ್ತದೆ. 'ಇತ್ತೀಚೆಗೆ ಸೋಮಾರಿ ಆಗಿದೆ ಸಾರ್' ಎಂಬ ದೂರು ಬಂದರೆ ನಾನು ಮೊದಲು ಕೈ ಹಾಕುವುದು ಇಲ್ಲಿಗೆ.

ಇನ್ನು ಮೋಸದ ಗಾಯ. ಹೆಗಲ ಮೂಳೆಯ ಮೇಲಿನ ಇನ್‌ಫ್ರಾಸ್ಪೈನೇಟಸ್ ಸ್ನಾಯುವಿಗೆ ಆಗುವ ಪೆಟ್ಟು ಇದು. ಹೊಲ-ಪೊದೆಗಳಲ್ಲಿ ಓಡುವ ಬೇಟೆ ತಳಿಗಳಲ್ಲಿ ಕಾಣಿಸುತ್ತದೆ. ಓಟದ ನಡುವೆ ಮುಂಗಾಲು ಕುಂಟುತ್ತದೆ. ಒಂದೆರಡು ವಾರದಲ್ಲಿ ಕುಂಟು ನಿಲ್ಲುತ್ತದೆ, ಮನೆಯವರು ಮರೆಯುತ್ತಾರೆ. ಒಳಗೆ ಮಾತ್ರ ಸ್ನಾಯು ಮಾಯುವ ಬದಲು ನಾರಾಗುತ್ತ, ಗಿಡ್ಡವಾಗುತ್ತ ಹೋಗುತ್ತದೆ. ಕೆಲವೇ ವಾರಗಳಲ್ಲಿ ಮೊಣಕೈ ಒಳಕ್ಕೆ, ಪಂಜ ಹೊರಕ್ಕೆ ತಿರುಗಿ, ಹೆಜ್ಜೆ ಹೆಜ್ಜೆಗೂ ಕಾಲನ್ನು ಕುಡುಗೋಲು ಬೀಸಿದ ಹಾಗೆ ಎತ್ತಿ ಹಾಕತೊಡಗುತ್ತದೆ. ನೋವಿಲ್ಲ, ನಡಿಗೆ ಕೆಟ್ಟಿದೆ. ಪುಣ್ಯಕ್ಕೆ, ಬಿಗಿದ ಆ ಸ್ನಾಯುರಜ್ಜುವನ್ನು ಕತ್ತರಿಸಿ ಬಿಟ್ಟರೆ ನಡಿಗೆ ಬಹುಮಟ್ಟಿಗೆ ಸರಿಹೋಗುತ್ತದೆ. ಜರ್ಮನ್ ಶೆಫರ್ಡ್‌ಗಳ ಒಳತೊಡೆಯಲ್ಲೂ ಹೀಗೇ ಸ್ನಾಯು ನಾರುಗಟ್ಟುವುದುಂಟು. ಅಲ್ಲಿ ಅದೃಷ್ಟ ಅಷ್ಟಿಲ್ಲ. ಕತ್ತರಿಸಿ ತೆಗೆದರೂ ಕೆಲವೇ ತಿಂಗಳಲ್ಲಿ ಮತ್ತೆ ಬಿಗಿಯುತ್ತದೆ. ಆ ನಾಯಿ ಪಹರೆ ತಿರುಗಬಲ್ಲದು, ಮೊದಲಿನಂತೆ ಬೆನ್ನಟ್ಟಲಾರದು.

ಕಾಲು ಕುಸಿದರೂ ದೋಷ ಕಾಲಿನಲ್ಲೇ ಇರಬೇಕೆಂದಿಲ್ಲ. ಓಡುತ್ತಿದ್ದ ನಾಯಿ ಒಮ್ಮೆ ಅರಚಿ, ನಿಮಿಷಗಳಲ್ಲಿ ಒಂದು ಬದಿಯ ಕಾಲನ್ನು ಬಟ್ಟೆಯಂತೆ ಎಳೆಯತೊಡಗಿ, ಆಮೇಲೆ ಮುಟ್ಟಿದರೂ ನೋವು ತೋರದಿದ್ದರೆ ಬೆನ್ನುಹುರಿಯ ರಕ್ತನಾಳಕ್ಕೆ ಬೆನ್ನೆಲುಬಿನ ಬಿಲ್ಲೆಯ ತುಣುಕು ಸಿಕ್ಕಿಕೊಂಡಿರಬಹುದು. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನಾಯಿಯನ್ನು ನಿಲ್ಲಿಸಿ, ಹೊಟ್ಟೆಗೆ ಕೈ ಕೊಟ್ಟು, ಪಂಜವನ್ನು ಮಗುಚಿ ಅದರ ಬೆನ್ನಿನ ಮೇಲೆ ಊರಿಸಿ. ನರ ಸರಿ ಇದ್ದರೆ ತಟ್ಟನೆ ತಿರುಗಿಸಿಕೊಳ್ಳುತ್ತದೆ. ಮಗುಚಿದ್ದು ಹಾಗೇ ಉಳಿದರೆ ಅದು ಸ್ನಾಯುವಿನ ಮಾತಲ್ಲ, ನರದ ಮಾತು. ತಡಮಾಡದೆ ಹೊರಡಿ.

ಲ್ಯಾಬ್ರಡಾರ್‌ಗಳದು ಮತ್ತೊಂದು ಕಥೆ. ಸ್ಫೋಟಕ ಪತ್ತೆಯಿಂದ ಹಿಡಿದು ಮನೆಯ ಅಂಗಳದವರೆಗೆ ಎಲ್ಲೆಡೆ ಇರುವ ಈ ತಳಿಯ ಕೆಲವು ನಾಯಿಗಳು 5ರಿಂದ 15 ನಿಮಿಷ ಹುರುಪಿನಿಂದ ಓಡಿದ ಮೇಲೆ ಹಿಂಗಾಲು ತೂರಾಡಿ ಕುಸಿಯುತ್ತವೆ. ಪ್ರಜ್ಞೆ ಇರುತ್ತದೆ. ಹಿಂಗಾಲು ಎಳೆಯುತ್ತಲೇ ಚೆಂಡಿನ ಹಿಂದೆ ತೆವಳುತ್ತವೆ. ಅರ್ಧ ಗಂಟೆಯೊಳಗೆ ಹೆಚ್ಚಿನವು ಎದ್ದು ಓಡಾಡುತ್ತವೆ, ಕೆಲವು ಸತ್ತದ್ದೂ ಇದೆ. ಇದು ಅಪ್ಪ ಅಮ್ಮ ಇಬ್ಬರಿಂದಲೂ ಬರುವ ವಂಶವಾಹಿ ದೋಷ. ನರದಿಂದ ನರಕ್ಕೆ ಸಂದೇಶ ದಾಟಿಸಲು ಬೇಕಾದ ಡೈನಮಿನ್ ಎಂಬ ಪ್ರೋಟೀನಿನ ಜೀನ್‌ನಲ್ಲಿದೆ ತಪ್ಪು ಎಂದು 2008ರಲ್ಲಿ ಪತ್ತೆಯಾಯಿತು. ಅಂದಿನಿಂದ ರಕ್ತ ಅಥವಾ ಬಾಯಿಯ ಒಳಗೋಡೆಯ ಮಾದರಿ ಕೊಟ್ಟು ಪರೀಕ್ಷೆ ಮಾಡಿಸಲು ಬರುತ್ತದೆ. ಮರಿಯನ್ನು ದಳಕ್ಕೆ ಸೇರಿಸಿಕೊಳ್ಳುವ ಮೊದಲೇ ಮಾಡಿಸಿದರೆ ಒಳ್ಳೆಯದು. ಇಂಥ ನಾಯಿ ವಾಸನೆ ಹಿಡಿಯುವ ನಿಧಾನದ ಕೆಲಸ ಮಾಡಬಲ್ಲದು. ಉದ್ರೇಕದ ಓಟ ಮಾತ್ರ ಅದಕ್ಕಾಗದು.

ನಮ್ಮ ಕಡೆ ಮರೆಯಬಾರದ ಮತ್ತೊಂದು ಕಾರಣ ಉಣ್ಣೆ. ಉಣ್ಣೆ ಕಚ್ಚಿ ಬರುವ ಜ್ವರದಲ್ಲಿ ಕೀಲುಗಳು ಬಾತು, ನಿನ್ನೆ ಮುಂಗಾಲು ಕುಂಟಿದ ನಾಯಿ ಇವತ್ತು ಹಿಂಗಾಲು ಕುಂಟುತ್ತದೆ. ಊಟ ಬಿಟ್ಟಿದೆ, ಮೈ ಬಿಸಿ ಇದೆ, ಕುಂಟು ಕಾಲಿಂದ ಕಾಲಿಗೆ ಜಾಗ ಬದಲಿಸುತ್ತಿದೆ ಎಂದರೆ ಬೇಕಾದದ್ದು ರಕ್ತ ಪರೀಕ್ಷೆ.

ಸರಿ, ಕಣ್ಣೆದುರೇ ನಾಯಿ ಕುಂಟಿತು. ಏನು ಮಾಡಬೇಕು? ಕೆಲಸ ಅಲ್ಲಿಗೇ ನಿಲ್ಲಿಸಿ. ನಡೆಸಿಕೊಂಡು ಬರಬೇಡಿ, ಎತ್ತಿಕೊಂಡು ಬನ್ನಿ. ಎಂಥ ಸಾಧುವಾದರೂ ನೋವಿನಲ್ಲಿ ಕಚ್ಚಬಹುದು, ಬಾಯಿಗೆ ಸಡಿಲವಾಗಿ ಒಂದು ಬಟ್ಟೆ ಕಟ್ಟಿ. ಉಸಿರಿಗೆ ತೇಕುತ್ತಿದ್ದರೆ ಮಾತ್ರ ಕಟ್ಟಬೇಡಿ. ಐಸನ್ನು ಟವೆಲಿನಲ್ಲಿ ಸುತ್ತಿ, ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರ್ನಾಲ್ಕು ಸಲ, ಮೊದಲ ಎರಡು ಮೂರು ದಿನ ಇಡಿ. ಹೊಸ ಗಾಯಕ್ಕೆ ಎಣ್ಣೆ ಹಚ್ಚಿ ತಿಕ್ಕುವುದು, ಬಿಸಿ ಶಾಖ ಕೊಡುವುದು ಎರಡೂ ಬೇಡ. ಒಳಗೆ ಸೋರುತ್ತಿರುವ ರಕ್ತ ಹೆಚ್ಚುತ್ತದೆ. ಕೆಲವು ಊರುಗಳಲ್ಲಿ ಈಗಲೂ ಕುಂಟುವ ದನಕ್ಕೆ, ನಾಯಿಗೆ ಬರೆ ಹಾಕುತ್ತಾರೆ. ಒಂದು ಗಾಯದ ಜತೆಗೆ ಸುಟ್ಟ ಗಾಯವೂ ಸೇರುತ್ತದೆ, ಅಷ್ಟೇ ಲಾಭ.

ಎಲ್ಲಕ್ಕಿಂತ ಮುಖ್ಯ, ನಮ್ಮ ಮನೆಯ ನೋವಿನ ಗುಳಿಗೆ ಕೊಡಬೇಡಿ. ಐಬುಪ್ರೊಫೇನ್, ಡೈಕ್ಲೋಫೆನಾಕ್ ನಮಗೆ ಔಷಧ, ನಾಯಿಗೆ ಜಠರ ಹುಣ್ಣು ಮತ್ತು ಮೂತ್ರಪಿಂಡದ ಸೋಲು. ಡೈಕ್ಲೋಫೆನಾಕ್ ರಣಹದ್ದುಗಳ ಸಂತತಿಯನ್ನೇ ನೆಲಕಚ್ಚಿಸಿತೆಂದು 2006ರಲ್ಲಿ ಪಶುಚಿಕಿತ್ಸೆಯಿಂದ ಹೊರಗಿಟ್ಟರು. ಮನುಷ್ಯರ ಔಷಧದಂಗಡಿಯಲ್ಲಿ ಈಗಲೂ ಸಿಗುತ್ತದೆ, ಅಲ್ಲಿಂದ ನಾಯಿಯ ಬಾಯಿಗೂ ಬೀಳುತ್ತದೆ. ನಾಯಿಗೆಂದೇ ಇರುವ ನೋವಿನ ಔಷಧಗಳಿವೆ. ಅವನ್ನೂ ತೂಕ ನೋಡಿ ವೈದ್ಯರೇ ಬರೆಯಬೇಕು.

ನಾಳೆಯವರೆಗೆ ಕಾಯದೆ ದವಾಖಾನೆಗೆ ಓಡಬೇಕಾದ ಲಕ್ಷಣಗಳೂ ಇವೆ. ಕಾಲನ್ನು ನೆಲಕ್ಕೆ ಮುಟ್ಟಿಸುತ್ತಲೇ ಇಲ್ಲ, ಕಾಲು ಅಸಹಜ ಕೋನದಲ್ಲಿ ತೂಗಾಡುತ್ತಿದೆ, ನಿಂತಾಗ ಹಿಮ್ಮಡಿ ನೆಲಕ್ಕೆ ಕುಸಿಯುತ್ತದೆ, ಅಂದರೆ ಹಿಮ್ಮಡಿಯ ಸ್ನಾಯುರಜ್ಜು ಹರಿದಿರಬಹುದು, ಹಿಂಗಾಲು ತಣ್ಣಗಾಗಿದೆ, ಎರಡೂ ಹಿಂಗಾಲು ಸೋತಿವೆ, ಬಿಸಿಲಲ್ಲಿ ಕುಸಿದು ತೇಕುತ್ತಿದೆ. ವಿಪರೀತ ಓಡಿದ ಮೇಲೆ ಮೂತ್ರ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿದ್ದರಂತೂ ಇನ್ನೂ ಅವಸರ. ಸ್ನಾಯು ಕರಗಿ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟುತ್ತಿದೆ ಎಂದರ್ಥ. ಬಿಸಿಲಿಗೆ ಬಿದ್ದ ನಾಯಿಯನ್ನು ನೀರು ಸುರಿದು ತಣಿಸುತ್ತಲೇ ದವಾಖಾನೆಗೆ ತನ್ನಿ.

ಉಳಿದ ಗಾಯಗಳಿಗೆ ದೊಡ್ಡ ಔಷಧ ವಿಶ್ರಾಂತಿ. ಹೇಳಲು ಸುಲಭ. ಹರಿದ ಸ್ನಾಯುವಿನಲ್ಲಿ ಮೊದಲ ಕೆಲವು ದಿನ ಊತ, ಆಮೇಲಿನ ವಾರಗಳಲ್ಲಿ ಹೊಸ ಎಳೆಗಳ ನೇಯ್ಗೆ, ಅನಂತರ ತಿಂಗಳುಗಟ್ಟಲೆ ಆ ಎಳೆಗಳು ಹುರಿಗೊಳ್ಳುವುದು. ಎರಡನೆಯ ವಾರ ನೋವು ಇರುವುದಿಲ್ಲ, ಬಲವೂ ಇರುವುದಿಲ್ಲ. ಹಸಿ ಗೋಡೆಯ ಮೇಲೆ ಚಾವಣಿ ಹಾಕುವ ಹೊತ್ತು ಅದು. ಹೆಚ್ಚಿನ ನಾಯಿಗಳು ಎರಡನೆಯ ಸಲ ಹರಿದುಕೊಂಡು ಬರುವುದು ಆಗಲೇ, ಮೊದಲಿಗಿಂತ ದೊಡ್ಡದಾಗಿ. ಹಾಗೆಂದು ಪೂರ್ತಿ ಕಟ್ಟಿಹಾಕಿದರೂ ಸ್ನಾಯು ನಾರುಗಟ್ಟುತ್ತದೆ. ಹಗ್ಗ ಹಿಡಿದು ದಿನಕ್ಕೆ ಮೂರು ಸಲ ಐದೈದು ನಿಮಿಷದ ನಡಿಗೆಯಿಂದ ಶುರುಮಾಡಿ, ವಾರ ವಾರ ಹೆಚ್ಚಿಸಿ, ಆಮೇಲೆ ನಿಧಾನ ಓಟ, ಅದೂ ನೇರ ದಾರಿಯಲ್ಲಿ. ಹೊರಳು ಓಟ, ನೆಗೆತ ಕಟ್ಟಕಡೆಗೆ. ಸಣ್ಣ ಉಳುಕಿಗೆ ಎರಡು ಮೂರು ವಾರ, ಹರಿದದ್ದಕ್ಕೆ ಆರರಿಂದ ಹನ್ನೆರಡು ವಾರ ಎಂದು ಲೆಕ್ಕವಿಟ್ಟುಕೊಳ್ಳಿ.

ಗಾಯವೇ ಆಗದಂತೆ ನೋಡಿಕೊಳ್ಳುವುದಕ್ಕೆ ಖರ್ಚಿಲ್ಲ. ಕುಸ್ತಿಯ ಪೈಲ್ವಾನ ಬೈಠಕ್ ಹೊಡೆಯದೆ ಅಖಾಡಕ್ಕೆ ಇಳಿಯುವುದಿಲ್ಲ. ನಾಯಿಯನ್ನು ಮಾತ್ರ ಜೀಪಿನ ಗೂಡಿನಿಂದ ಇಳಿಸಿದ್ದೇ ಓಡಿಸುತ್ತೇವೆ. ಐದರಿಂದ ಹತ್ತು ನಿಮಿಷ ನಡೆಸಿ, ಕುದುಕಲು ಓಟ ಓಡಿಸಿ, ಎಡಕ್ಕೆ ಬಲಕ್ಕೆ ಸುತ್ತಿಸಿ ಕೆಲಸಕ್ಕೆ ಹಚ್ಚಿ. ಮುಗಿದ ಮೇಲೂ ತಟ್ಟನೆ ಕಟ್ಟಬೇಡಿ. ಉಗುರು ಬೆಳೆಯಲು ಬಿಡಬೇಡಿ. ಪಕ್ಕೆಲುಬು ಕೈಗೆ ಸಿಗದಷ್ಟು ಮೈ ಬೆಳೆಯಲೂ ಬಿಡಬೇಡಿ. ತಿಂಗಳುಗಟ್ಟಲೆ ಕಟ್ಟಿದ ನಾಯಿಯನ್ನು ಒಂದೇ ದಿನ ಹತ್ತು ಕಿ.ಮೀ. ಓಡಿಸಬೇಡಿ.

ಮುಧೋಳ ನಾಯಿಗೆ ನಾವು ಮರ್ಯಾದೆ ಕೊಟ್ಟಿಲ್ಲವೆಂದಲ್ಲ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತು. 2016ರಲ್ಲಿ ಇಲ್ಲಿನ ಮರಿಗಳು ಸೇನೆಯ ತಾಲೀಮಿಗೆ ಮೀರತ್‌ಗೆ ಹೋದವು. ಮುಧೋಳದ ಹತ್ತಿರದ ತಿಮ್ಮಾಪುರದಲ್ಲಿ ತಳಿ ಉಳಿಸಲೆಂದೇ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರವಿದೆ. ಅಂಚೆಚೀಟಿಗಿಂತ ರಜೆ ಚೀಟಿ ಅದಕ್ಕೆ ಹೆಚ್ಚು ಉಪಯೋಗ ಎನ್ನುವುದಷ್ಟೇ ನನ್ನ ಅಹವಾಲು.

ಕಾಕಾ ಇದನ್ನೆಲ್ಲ ತಾಳ್ಮೆಯಿಂದ ಕೇಳಿದರು. ಕೊನೆಗೆ ತಮ್ಮ ತೊಡಕು ಮುಂದಿಟ್ಟರು. "ಎಂಟ್ ವಾರ ಕಟ್ಟು ಅಂತೀರಿ ಸಾಹೇಬ್ರ. ಕಟ್ಟಿದ್ರ ಇದು ಊಟಾ ಬಿಡತೈತಿ. ಕುರಿ ಹೊಂಟ್ರ ಹಗ್ಗಾ ಕಡಕೊಂಡು ಬರತೈತಿ."

ಅವರ ಮಾತು ಸುಳ್ಳಲ್ಲ. ಸ್ವಲ್ಪ ಹೊತ್ತು ಇಬ್ಬರೂ ನಾಯಿಯನ್ನೇ ನೋಡುತ್ತ ಕುಳಿತೆವು. ದಾರಿ ಹೊಳೆದದ್ದು ಅವರಿಗೇ. ಮೇಯಲು ಹೋಗದ ಎಳೆಮರಿಗಳನ್ನು ಹಗಲೆಲ್ಲ ಬಲೆ ಕಟ್ಟಿ ಅದರೊಳಗೆ ಬಿಟ್ಟಿರುತ್ತಾರೆ. ನಾಯಿಯನ್ನೂ ಆ ಬಲೆಯೊಳಗೇ ಬಿಡುವುದು. ಓಡಲು ಜಾಗವಿಲ್ಲ, ಎದ್ದು ನಾಲ್ಕು ಹೆಜ್ಜೆ ಹಾಕಲು ಅಡ್ಡಿಯಿಲ್ಲ.

ಮೂರು ವಾರದ ಮೇಲೆ ಆ ಕಡೆ ಲಸಿಕೆ ಹಾಕಲು ಹೋದಾಗ ನೋಡಿದೆ. ಬಲೆಯೊಳಗೆ ಹದಿನೈದಿಪ್ಪತ್ತು ಮರಿ, ನಡುವೆ ಕಾಲು ಚಾಚಿ ಮಲಗಿದ ನಾಯಿ, ಅದರ ಬೆನ್ನಿಗೆ ಒರಗಿ ನಿದ್ದೆ ಹೋದ ಒಂದು ಕರಿಮರಿ. ನಾನು ಬಲೆಯ ಹತ್ತಿರ ಹೋದದ್ದೇ ತಲೆ ಎತ್ತಿ ಗುರ್ರೆಂದಿತು. ರಜೆಯಲ್ಲಿದ್ದೇನೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.